ಫರ್ಸಿ ನೆಲ, ಬರಿಗಾಲು ಮತ್ತು ಹಿಮ್ಮಡಿ ನೋವು

ಬೆಳಗ್ಗೆ ಎದ್ದು ನೆಲಕ್ಕೆ ಕಾಲೂರಿದೊಡನೆ ಹಿಮ್ಮಡಿಯಲ್ಲಿ ಮೊಳೆ ನೆಟ್ಟಂಥ ನೋವು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ. ಸಂಜೆ ಮತ್ತೆ ಹಾಜರು. ಶಹಾಬಾದ್, ವಾಡಿ ಕಡೆಯ ಮನೆಗಳಲ್ಲಿ ಇದನ್ನು ‘ವಾಯು’ ಎಂದು ತಳ್ಳಿಹಾಕುವವರೇ ಹೆಚ್ಚು. ಕಾರಣ ಮಾತ್ರ ಕಾಲ ಕೆಳಗೇ ಇರುತ್ತದೆ.

ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿಯಿದೆ. ಪಾದದ 26 ಎಲುಬುಗಳ ಕಮಾನನ್ನು ಬಿಗಿದು ಹಿಡಿಯುವುದು ಅದೇ. ಗಟ್ಟಿ ನೆಲದ ಮೇಲೆ ತಾಸುಗಟ್ಟಲೆ ನಿಂತರೆ, ಮೈತೂಕ ಏರಿದರೆ, ಮೀನಖಂಡ ಬಿಗಿದಿದ್ದರೆ ಪಟ್ಟಿ ಹಿಮ್ಮಡಿಗೆ ಅಂಟಿದ ಕಡೆ ನವೆಯುತ್ತದೆ. ರಾತ್ರಿಯೆಲ್ಲ ಮುದುಡಿದ್ದದ್ದು ಬೆಳಗಿನ ಮೊದಲ ಹೆಜ್ಜೆಗೆ ಜಗ್ಗಿದಾಗ ನೋವು ಕಾಣಿಸಿಕೊಳ್ಳುತ್ತದೆ.

ನಮ್ಮ ಮನೆಗಳ ನೆಲ ಪದರ ಪದರವಾಗಿ ಏಳುವ ಸುಣ್ಣದಕಲ್ಲು, ಶಹಾಬಾದ್ ಫರ್ಸಿ. ಒಲೆ ಕಟ್ಟೆ ಏರಿದ ಮೇಲೆ ರೊಟ್ಟಿ ಬಡಿಯುವುದೂ ಅದರ ಮೇಲೆ ಬರಿಗಾಲಲ್ಲಿ ನಿಂತೇ. ಮನೆಯೊಳಗೆ ಮೆತ್ತನೆಯ ಚಪ್ಪಲಿ, ಏಳುವ ಮೊದಲು ಹಾಸಿಗೆಯಲ್ಲೇ ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹಿಡಿಯುವ ವ್ಯಾಯಾಮ: ಇಷ್ಟನ್ನು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಬೆಳೆದಂತೆ ಕಂಡರೂ ಗಾಬರಿ ಬೇಡ. ನೋವಿಲ್ಲದವರಲ್ಲೂ ಅದು ಇರುತ್ತದೆ.

ಚಿಂಚೋಳಿಯ ಗುಡ್ಡದ ದಾರಿ, ಚಿತ್ತಾಪುರದ ಕಲ್ಲುಗಣಿಯ ಅಂಚಿನಲ್ಲಿ ಕಾಡುವುದು ಉಳುಕು. ಪಾದ ಒಳಕ್ಕೆ ಹೊರಳಿದಾಗ ಕಾಲ್ಗಣ್ಣಿನ ಹೊರಬದಿಯ ನಾರುಗಳು ಹಿಗ್ಗುತ್ತವೆ ಇಲ್ಲವೇ ಹರಿಯುತ್ತವೆ. ಆಗಲೇ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸಿದರೆ ಬಾವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕ್ರೇಪ್ ಪಟ್ಟಿ, ದಿಂಬಿನ ಮೇಲೆ ಕಾಲು ಸಾಕು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಎಲುಬನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು.

ಅಂಗಾಲಿನಲ್ಲಿ ಎಣ್ಣೆ ಒಸರುವ ಗ್ರಂಥಿಗಳಿಲ್ಲ. ಅದಕ್ಕೇ ಚಳಿಗಾಲಕ್ಕೆ ಹಿಮ್ಮಡಿ ಒಡೆಯುತ್ತದೆ. ಮಲಗುವ ಮುನ್ನ ಕಾಲು ತೊಳೆದು ವ್ಯಾಸಲಿನ್ ಹಚ್ಚಬೇಕು. ಸಿಮೆಂಟ್ ಕಾರ್ಖಾನೆಯ ಬೂಟಿನೊಳಗೆ ದಿನವಿಡೀ ಬೆವೆತ ಕಾಲಿನ ಬೆರಳ ಸಂದಿಯಲ್ಲಿ ಬೂಷ್ಟು ಹಿಡಿಯುತ್ತದೆ. ಅಲ್ಲಿ ಒಣಗಿಸುವುದೇ ಅರ್ಧ ಔಷಧಿ.

ಇವೆಲ್ಲ ನೋಯುವ ತೊಂದರೆಗಳು. ನೋಯುತ್ತವೆ ಎಂದೇ ಗೊತ್ತಾಗುತ್ತವೆ. ಹೆದರಬೇಕಾದದ್ದು ನೋಯದ ಗಾಯಕ್ಕೆ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಪಾದದ ನರಗಳು ಜೋಮು ಹಿಡಿಯುತ್ತವೆ. ಸೇಡಂ ಹೊಲದಲ್ಲಿ ಕೊಯ್ದ ತೊಗರಿಯ ಕೂಳೆ ಚುಚ್ಚಿದರೂ, ಬೇಸಿಗೆಯ ಅಂಗಳದ ಕಾದ ಫರ್ಸಿ ಬೊಬ್ಬೆ ಎಬ್ಬಿಸಿದರೂ ಅರಿವಾಗುವುದಿಲ್ಲ. ನೊಣ ಮುತ್ತಿದಾಗ, ವಾಸನೆ ಬಂದಾಗಲೇ ಮನೆಯವರಿಗೆ ತಿಳಿಯುತ್ತದೆ. ಅಷ್ಟರಲ್ಲಿ ಬೆರಳು ಉಳಿಸುವುದೇ ಕಷ್ಟ. ಶುಗರ್ ಇದ್ದವರು ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇದೆಯೇ ನೋಡಲಿ. ರಾತ್ರಿ ನೆಲದ ಮೇಲೊಂದು ಕನ್ನಡಿ ಇಟ್ಟು ಎರಡೂ ಅಂಗಾಲು ನೋಡಿಕೊಳ್ಳಲಿ. ಗಾಯ ಕಂಡರೆ ನೋವಿಗಾಗಿ ಕಾಯದೆ ಮರುದಿನವೇ ಆಸ್ಪತ್ರೆಗೆ ಹೋಗಲಿ.