ಇನ್ನೂರ ಹದಿನಾಲ್ಕು ಕೋಟಿಯ ಗೋಡೆ

ಕಳೆದ ವರ್ಷ ಒಂದು ರಾತ್ರಿ ಎರಡೂವರೆಗೆ ಫೋನು ಬಂತು. ಕ್ಲೈಂಟ್ ಒಬ್ಬರ ಆರ್ಡರ್‌ಗಳು ದಾಖಲಾಗುತ್ತಿಲ್ಲ. ಲ್ಯಾಪ್‌ಟಾಪ್ ತೆರೆದು ಲಾಗ್ ನೋಡಿದರೆ ಸಾಲು ಸಾಲಿಗೂ ಒಂದೇ ಸಂಖ್ಯೆ: 2147483647.

ಕಂಪ್ಯೂಟರ್ ಒಂದು ಪೂರ್ಣಾಂಕಕ್ಕೆ 32 ಬಿಟ್ ಜಾಗ ಕೊಟ್ಟಾಗ, ಒಂದು ಬಿಟ್ ಪ್ಲಸ್-ಮೈನಸ್ ಚಿಹ್ನೆಗೆ ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದು. ಅಂದರೆ 31 ಬಾರಿ 2ನ್ನು ಗುಣಿಸಿ, ಒಂದು ಕಳೆದದ್ದು. ಆರ್ಡರ್‌ಗಳ ಕ್ರಮಸಂಖ್ಯೆ ಆ ಗೋಡೆಗೆ ಹೋಗಿ ಬಡಿದಿತ್ತು. ಹತ್ತು ವರ್ಷದ ಹಿಂದೆ ಆ ಟೇಬಲ್ ಮಾಡಿದವನು ನಾನೇ. ‘ಇನ್ನೂರ ಹದಿನಾಲ್ಕು ಕೋಟಿ ಯಾವ ಕಾಲಕ್ಕೆ ತುಂಬೀತು’ ಎಂದುಕೊಂಡಿದ್ದೆ.

ನಮ್ಮ ನಿದ್ದೆ ಕೆಡಿಸುವ ಈ ಸಂಖ್ಯೆ ಅವಿಭಾಜ್ಯವೂ ಹೌದು. 1772ರಲ್ಲಿ ಅದನ್ನು ತೋರಿಸಿದವರು ಲಿಯೊನಾರ್ಡ್ ಆಯ್ಲರ್. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ನೇರ ದಾರಿ ಹಿಡಿದಿದ್ದರೆ 46,340ರವರೆಗಿನ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕಿತ್ತು. ಆಯ್ಲರ್ ಮೊದಲು ಯೋಚಿಸಿದರು. ಇದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಅಷ್ಟು ಗೊತ್ತಾದ ಮೇಲೆ ಉಳಿದವು ಎಂಬತ್ತರ ಆಸುಪಾಸು. ಒಂದೂ ನಿಶ್ಶೇಷವಾಗಿ ಭಾಗಿಸಲಿಲ್ಲ.

ಇದರಿಂದ ಒಂದು ಪರಿಪೂರ್ಣ ಸಂಖ್ಯೆಯೂ ಹುಟ್ಟುತ್ತದೆ. 6ರ ಭಾಜಕಗಳಾದ 1, 2, 3 ಕೂಡಿದರೆ 6 ಬರುವಂತೆ, ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದೂ ಸಿಗಲಾರದು ಎಂದು ಬರೆದರು. ಉಪಯೋಗವಿಲ್ಲದ ಕುತೂಹಲಕ್ಕಾಗಿ ಅಷ್ಟು ಕಷ್ಟಪಡುವವರು ಯಾರು ಎಂಬುದು ಅವರ ವಾದ.

ಎರಡೂ ಸುಳ್ಳಾದವು. 2024ರಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ಇದೇ ಜಾತಿಯ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಇನ್ನು ಉಪಯೋಗ: ಕಂಪ್ಯೂಟರ್‌ನಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಒಂದು ಹೆಸರಾಂತ ವಿಧಾನದಲ್ಲಿ, ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ತೆಗೆದುಕೊಳ್ಳುತ್ತಾರೆ. ಭಾಜಕ ಅವಿಭಾಜ್ಯ, ಗುಣಕವನ್ನೂ ನೋಡಿ ಆರಿಸಿದ್ದಾರೆ. ಹಾಗಾಗಿ ಅದಕ್ಕಿಂತ ಚಿಕ್ಕ ಧನಪೂರ್ಣಾಂಕಗಳೆಲ್ಲ ಒಂದೊಂದು ಸಲ ಬಂದು ಹೋಗುವ ತನಕ ಯಾವುದೂ ಮರುಕಳಿಸುವುದಿಲ್ಲ.

ಬಾರ್ಲೊ ಅವರನ್ನು ನೋಡಿ ನಗುವ ಹಾಗಿಲ್ಲ. ‘ಇದರಾಚೆ ಯಾರು ಹೋಗುತ್ತಾರೆ’ ಎಂದು ನಾನೂ ಅದೇ ಸಂಖ್ಯೆಯ ಮುಂದೆ ನಿಂತೇ ಹೇಳಿದ್ದೆ. ಆ ಬೆಳಗ್ಗೆ ಕಾಲಮ್ಮನ್ನು 64 ಬಿಟ್‌ಗೆ ಬದಲಿಸಿ, ಮ್ಯಾನೇಜರ್‌ಗೆ ‘ತಪ್ಪು ನನ್ನದು’ ಎಂದು ಬರೆದೆ.

ಇನ್ನೊಂದು ಗಡುವು ಬಾಕಿಯಿದೆ. 1970ರ ಆರಂಭದಿಂದ ಸೆಕೆಂಡ್ ಎಣಿಸುತ್ತಿರುವ ಹಳೆಯ 32 ಬಿಟ್ ವ್ಯವಸ್ಥೆಗಳು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಇದೇ ಸಂಖ್ಯೆಯನ್ನು ಮುಟ್ಟುತ್ತವೆ. ಸರಿಪಡಿಸದಿದ್ದರೆ ಮರುಕ್ಷಣ ಅವುಗಳ ಲೆಕ್ಕ 1901ಕ್ಕೆ ಜಾರುತ್ತದೆ. ನಾನು ಬರೆದ ಹಳೆಯ ಕೋಡ್ ಎಲ್ಲೆಲ್ಲಿದೆಯೋ, ಪಟ್ಟಿ ಮಾಡತೊಡಗಿದ್ದೇನೆ.