ಯಜಮಾನನ ಯಂತ್ರ, ಕಲಿಯುವವನ ಕಾಸು

ಹುಲಿಯೂರುದುರ್ಗದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಮಿತ್ರರೊಬ್ಬರು ಮೊನ್ನೆ ತುಮಕೂರಿಗೆ ಬಂದವರು ನಮ್ಮ ಕಚೇರಿಯ ಮೆಟ್ಟಿಲನ್ನೂ ಹತ್ತಿದರು. ಕೈಚೀಲದಲ್ಲಿ ಒಂದು ನಿವೇಶನದ ಪತ್ರವಿತ್ತು. ಇಪ್ಪತ್ತು ವರ್ಷ ತಕ್ಕಡಿ ಹಿಡಿದು ಉಳಿಸಿದ ಹಣದಲ್ಲಿ ಕೊಂಡ ಜಾಗ. ಅದನ್ನು ಅಡವಿಡಬೇಕೆ, ಬೇಡವೆ ಎಂಬುದು ಅವರ ಪ್ರಶ್ನೆ. ಅಳಿಯ ವಾಯುಪಡೆಯಲ್ಲಿ ಸೈನಿಕರನ್ನೂ ಸಾಮಾನನ್ನೂ ಸಾಗಿಸುವ ಆಂಟೊನೊವ್ ವಿಮಾನದ ಚಾಲಕ. ಅವನ ಅಲ್ಪಾವಧಿ ಸೇವೆಯ ಹದಿನಾಲ್ಕು ವರ್ಷ ಮುಗಿಯುತ್ತ ಬಂದಿದೆ. ಮುಂದೆ ಪ್ರಯಾಣಿಕರ ವಿಮಾನ ಕಂಪನಿಯೊಂದನ್ನು ಸೇರಬೇಕೆಂದಿದ್ದಾನೆ. ಅರ್ಜಿ ಹಾಕುವುದಕ್ಕೆ ಮೊದಲೇ ಏರ್‌ಬಸ್ 320 ವಿಮಾನದ ತರಬೇತಿಯನ್ನು ಸ್ವಂತ ಖರ್ಚಿನಲ್ಲಿ ಮುಗಿಸಿ, ಆ ಅರ್ಹತಾ ಪತ್ರವನ್ನು ಅರ್ಜಿಯ ಜೊತೆ ಇಟ್ಟರೆ ಕೆಲಸ ಬೇಗ ಸಿಕ್ಕೀತೆಂದು ಜೊತೆಗಾರರು ಹೇಳಿದ್ದಾರೆ. ಆ ಖರ್ಚು ಹತ್ತು ಲಕ್ಷಕ್ಕೂ ಮೇಲೆ.

ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೂ ಸಂತೆಯಲ್ಲಿ ಬೆಲ್ಲ ಮಾರುವವನಿಗೂ ವಿಮಾನದ ಸಮಾಚಾರ ಯಾಕೆ ಎಂದು ವಾಚಕರು ಕೇಳಬಹುದು. ವಿಮಾನ ನಮ್ಮ ಜಿಲ್ಲೆಗೆ ಈಗ ದೂರದ ವಸ್ತುವಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಅಡಿಗಲ್ಲು ಬಿತ್ತು, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕಿಂತಲೂ, ಕೆಲಸ ಕಲಿಯುವ ಖರ್ಚನ್ನು ಯಾರು ಕೊಡಬೇಕೆಂಬ ಪ್ರಶ್ನೆ ಗಿರಣಿಯ ಬಾಗಿಲಲ್ಲಿ ನಿಂತವನಿಗೂ ಹೊಸದಲ್ಲ.

ಮೊದಲು ಈ ಕಾಗದಗಳ ವಿಚಾರ ತಿಳಿದುಕೊಳ್ಳೋಣ. ಸೇನೆಯ ಚಾಲಕ ಎಷ್ಟೇ ಹಾರಿದ್ದರೂ ನಾಗರಿಕ ವಿಮಾನ ನಡೆಸಲು ನಾಗರಿಕ ವಿಮಾನಯಾನ ನಿರ್ದೇಶನಾಲಯದ ಲೈಸೆನ್ಸು ಬೇಕು. ವಾಣಿಜ್ಯ ಚಾಲಕನ ಲೈಸೆನ್ಸಿಗೆ 200 ಗಂಟೆಯ ಹಾರಾಟ, ಅದರ ಮೇಲಿನ ಹಿರಿಯ ಲೈಸೆನ್ಸಿಗೆ 1500 ಗಂಟೆ. ಸೇನೆಯಲ್ಲಿ ಹಾರಿದ ಗಂಟೆಗಳು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ವಿಮಾನಯಾನದ ಕಾನೂನು, ದಿಕ್ಕು ದಾರಿಯ ಶಾಸ್ತ್ರ, ಹವಾಮಾನ, ಇವುಗಳ ಪರೀಕ್ಷೆ ಬರೆಯಬೇಕು. ರೇಡಿಯೋದಲ್ಲಿ ಮಾತಾಡುವ ಪರೀಕ್ಷೆಯೂ ಇದೆ, ವೈದ್ಯರ ತಪಾಸಣೆಯೂ ಇದೆ. ಇಷ್ಟಾದರೆ ಲೈಸೆನ್ಸು ಕೈಗೆ ಬರುತ್ತದೆ. ಅದು ಚಾಲಕನ ಆಸ್ತಿ. ಯಾವ ಕಂಪನಿಗೆ ಹೋದರೂ ಜೇಬಿನಲ್ಲಿ ಅವನ ಜೊತೆಯಲ್ಲೇ ಹೋಗುತ್ತದೆ.

ಇದಾದ ಮೇಲೆ ಬರುವುದು ಟೈಪ್ ರೇಟಿಂಗ್, ಎಂದರೆ ಇಂಥ ಮಾದರಿಯ ವಿಮಾನವನ್ನೇ ನಡೆಸಬಲ್ಲನೆಂಬ ಅರ್ಹತೆ. ಏರ್‌ಬಸ್ 320ಕ್ಕೆ ಒಂದು, ಬೋಯಿಂಗ್ 737ಕ್ಕೆ ಇನ್ನೊಂದು, ನಮ್ಮ ಹುಬ್ಬಳ್ಳಿ ಮೈಸೂರುಗಳಿಗೆ ಬರುವ ಪಂಖದ ಎ.ಟಿ.ಆರ್. ವಿಮಾನಕ್ಕೆ ಮತ್ತೊಂದು. ಕೆಲವು ವಾರ ಪಾಠ, ಆಮೇಲೆ ನೆಲದ ಮೇಲೆಯೇ ಕೂತು ಹಾರುವಂತೆ ಮಾಡಿದ ಸಿಮ್ಯುಲೇಟರ್ ಯಂತ್ರದಲ್ಲಿ ಅಭ್ಯಾಸ, ಕೊನೆಗೆ ಪರೀಕ್ಷೆ. ದುಡ್ಡು ಸುರಿಯುವುದು ಇಲ್ಲಿ.

ಈ ತರಬೇತಿಯೇ ದಂಡವೆಂದು ನಾವು ಹೇಳುವುದಿಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ಇಳಿದಾಣ ಮುಟ್ಟುವ ಮುನ್ನವೇ ನೆಲಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಜನ ಸತ್ತರು. ಇಳಿಯುವಾಗ ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿಯೇ ಉಳಿದವೆಂದೂ, ಅದು ತಿಳಿಯುವ ವೇಳೆಗೆ ಹೊತ್ತು ಮೀರಿತ್ತೆಂದೂ ವಿಚಾರಣೆಯಲ್ಲಿ ಕಂಡುಬಂತು. ಚಾಲಕರಿಬ್ಬರೂ ಹಳೆಯ ಹುಲಿಗಳೇ, ಆದರೆ ಆ ಯಂತ್ರಕ್ಕೆ ಹೊಸಬರು. ಸೇನೆಯವನಿಗಂತೂ ವಿಮಾನವೂ ಬೇರೆ, ಹಾರುವ ಕ್ರಮವೂ ಬೇರೆ. ಯುದ್ಧವಿಮಾನದವನು ಒಬ್ಬನೇ ನಿರ್ಧರಿಸಿ ಅಭ್ಯಾಸವಾದವನು. ಇಲ್ಲಿ ಇಬ್ಬರು ಕೂತು, ಒಬ್ಬರ ಕೆಲಸವನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳಿ ತಾಳೆ ನೋಡಬೇಕು. ಬೆನ್ನ ಹಿಂದೆ ನೂರೆಂಬತ್ತು ಜೀವಗಳಿರುತ್ತವೆ. ತರಬೇತಿ ಆಗಲೇಬೇಕು. ನಮ್ಮ ತಕರಾರು ಅದರ ಬಿಲ್ಲಿನ ಬಗ್ಗೆ.

ಈ ಮನುಷ್ಯನಿಗೆ ಹಾರುವುದನ್ನು ಕಲಿಸಿದವರು ಯಾರು? ಯಲಹಂಕದಲ್ಲೋ ಬೀದರಿನಲ್ಲೋ ವಾಯುಪಡೆಯ ನೆಲೆಯಲ್ಲಿ ಅವನನ್ನು ಪಳಗಿಸಿದ್ದು ಸರ್ಕಾರದ ಬೊಕ್ಕಸ. ಬೆಂಕಿಪೊಟ್ಟಣ ಕೊಂಡವನು ತೆತ್ತ ತೆರಿಗೆಯೂ ಅದರಲ್ಲಿದೆ. ಹದಿನಾಲ್ಕು ವರ್ಷದ ಅನುಭವ ಹೊತ್ತ ಆಳು ಸಿದ್ಧವಾಗಿ ಬಂದು ನಿಂತಾಗ, ಖಾಸಗಿ ಕಂಪನಿ ಒಂದು ಕಾಸೂ ಕೊಡದೆ ಅದನ್ನು ಪಡೆಯುತ್ತದೆ. ಉಳಿದಿರುವುದು ಕೊನೆಯ ಕೆಲವು ವಾರದ ಪಾಠ. ಅದೂ ತನ್ನದೇ ಯಂತ್ರದ ಪಾಠ. ಅದನ್ನೂ ಅಳಿಯನ ಮಾವ ಹುಲಿಯೂರುದುರ್ಗದ ನಿವೇಶನ ಅಡವಿಟ್ಟು ಕೊಡಬೇಕಂತೆ! ಅಲ್ಪಾವಧಿ ಸೇವೆಯಿಂದ ಹೊರಬಂದವನಿಗೆ ಪಿಂಚಣಿಯಿಲ್ಲ, ಒಂದು ಗಂಟು ಹಣ ಅಷ್ಟೆ. ಆ ಗಂಟಿನ ಮೇಲೂ ಕಣ್ಣು.

ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಕ್ರಮ ಹೇಗಿತ್ತು? ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2016ರಲ್ಲಾಯಿತು. ಅದು ನಡೆದಷ್ಟು ಕಾಲ, ಸೇರುವ ಮೊದಲು ಗಡಿಯಾರ ಜೋಡಿಸುವುದನ್ನು ಸ್ವಂತ ದುಡ್ಡಿನಲ್ಲಿ ಕಲಿತು ಬಾ ಎಂದು ಯಾರನ್ನೂ ಹಿಂದಕ್ಕೆ ಕಳಿಸಿದ್ದನ್ನು ನಾವು ಕೇಳಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಲಿಯುವ ಹುಡುಗನಿಗೆ ಮಾಲೀಕನೇ ಭತ್ಯೆ ಕೊಡಬೇಕು. ಲೇತ್ ಯಂತ್ರದ ಹುಡುಗನಿಗೆ ಇರುವ ನ್ಯಾಯ ವಿಮಾನದ ಬಾಗಿಲಲ್ಲಿ ತಲೆಕೆಳಗಾಗುವುದೇಕೆ? ವಿಮಾನ ಉದ್ಯಮ ಸರ್ಕಾರದ್ದಾಗಿದ್ದ ಕಾಲದಲ್ಲಿ ಹೀಗಿರಲಿಲ್ಲ. 1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಆಯಿತು. ತನ್ನ ಚಾಲಕರನ್ನು ತರಬೇತು ಮಾಡಲು ಹೈದರಾಬಾದಿನಲ್ಲಿ ಅದು ಸ್ವಂತ ಕೇಂದ್ರವನ್ನೇ ಇಟ್ಟಿತ್ತು. ಆ ಸಂಸ್ಥೆಯಲ್ಲಿ ಬೇರೆ ಹುಳುಕುಗಳಿದ್ದವು, ಇಲ್ಲವೆನ್ನುವುದಿಲ್ಲ.

ಕಂಪನಿಗಳ ಉತ್ತರ ನಮಗೆ ಗೊತ್ತು. ನಾವು ಖರ್ಚು ಮಾಡಿ ಕಲಿಸಿದರೆ ನಾಳೆ ಎದುರಿನ ಕಂಪನಿಗೆ ಹಾರಿಹೋಗುತ್ತಾನೆ, ಎನ್ನುತ್ತಾರೆ. ಹಾರದಂತೆ ಹಗ್ಗ ಆಗಲೇ ಬಿಗಿದಿದೆಯಲ್ಲ! 2017ರ ನಿಯಮದಂತೆ ಕೆಲಸ ಬಿಡುವ ಕ್ಯಾಪ್ಟನ್ ಒಂದು ವರ್ಷದ ನೋಟೀಸು ಕೊಡಬೇಕು, ಸಹಚಾಲಕ ಆರು ತಿಂಗಳದ್ದು. ನಮ್ಮ ಯಾವ ಗಿರಣಿಯಲ್ಲಿ ಕೆಲಸಗಾರನಿಗೆ ಇಂಥ ನಿಯಮವಿದೆ? ಚಾಲಕರು ಬೇಕಾಗಿಲ್ಲವೆಂಬ ಮಾತೂ ನಿಲ್ಲುವುದಿಲ್ಲ. 2023ರ ಒಂದೇ ವರ್ಷದಲ್ಲಿ ಇಂಡಿಗೋ 500 ವಿಮಾನಗಳಿಗೂ ಏರ್ ಇಂಡಿಯಾ 470 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದವು. 2025ರ ಡಿಸೆಂಬರಿನಲ್ಲಿ ಚಾಲಕರ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಜನರನ್ನು ಹೊಂದಿಸಿಕೊಳ್ಳದೆ ಇಂಡಿಗೋ ಒಂದೇ ದಿನದಲ್ಲಿ ಸಾವಿರಕ್ಕೂ ಮೇಲ್ಪಟ್ಟು ವಿಮಾನಗಳನ್ನು ರದ್ದು ಮಾಡಿತು. ವಿಮಾನಕ್ಕೆ ದುಡ್ಡಿದೆ, ಅದನ್ನು ನಡೆಸುವವನ ಪಾಠಕ್ಕೆ ಇಲ್ಲ!

ಇನ್ನು ನಮ್ಮ ಮಿತ್ರರ ನಿವೇಶನದ ಮಾತು. ಟೈಪ್ ರೇಟಿಂಗ್ ಒಂದು ಮಾದರಿಗೆ ಕಟ್ಟಿದ ವಿದ್ಯೆ. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಅದರ ಬಹುಪಾಲು ಚಾಲಕರ ಕೈಯಲ್ಲಿದ್ದದ್ದು ಬೋಯಿಂಗ್ 737ರ ಅರ್ಹತೆ. ದೇಶದ ಹೆಚ್ಚಿನ ಕಂಪನಿಗಳೋ ಏರ್‌ಬಸ್ ನಡೆಸುತ್ತಿದ್ದವು. ವರ್ಷಗಟ್ಟಲೆ ದುಡಿದವರು ಮತ್ತೆ ಮಗ್ಗಿ ಕಲಿಯುವ ಮಕ್ಕಳಂತೆ ಕೂರಬೇಕಾಯಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಕಿಂಗ್‌ಫಿಷರಿನ ಕಥೆ ನಮ್ಮ ಕುಣಿಗಲ್ಲಿಗೂ ತಾಗುತ್ತದೆ. ಟಿಪ್ಪುವಿನ ಕಾಲದಿಂದ ಸೈನ್ಯಕ್ಕೆ ಕುದುರೆ ಬೆಳೆಸಿದ ಕುಣಿಗಲ್ ಫಾರಂ 1992ರಲ್ಲಿ ಯು.ಬಿ. ಸಮೂಹದ ಕಂಪನಿಗೆ ಗುತ್ತಿಗೆಗೆ ಹೋಗಿ ರೇಸಿನ ಕುದುರೆಗಳ ತಾಣವಾಯಿತು. ಅದೇ ಸಮೂಹದ ವಿಮಾನ ಕಂಪನಿ 2012ರ ಅಕ್ಟೋಬರಿನಲ್ಲಿ ನಿಂತಿತು, ನೌಕರರ ಹಲವು ತಿಂಗಳ ಸಂಬಳವೂ ನಿಂತಿತು. ಸೈನ್ಯ ಬಿಟ್ಟು ರೇಸಿಗೆ ಹೋದ ಕುದುರೆಯನ್ನು ಹುಲ್ಲಿನ ಖರ್ಚು ನೀನೇ ತಾ ಎಂದು ಯಾರೂ ಕೇಳಲಿಲ್ಲವಲ್ಲ ಎಂದು ನಾವು ಅಂದಾಗ ಮಿತ್ರರು ನಕ್ಕರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಸಾಲ ಮಾಡಿ ಈ ಅರ್ಹತೆ ಪಡೆದು ಕೆಲಸ ಸಿಗದೆ ಕೂತವನಿಗೆ ಬಡ್ಡಿ ಬೆಳೆಯುತ್ತದೆ, ಅರ್ಹತೆ ಸವೆಯುತ್ತದೆ. ಹಾರಾಟವಿಲ್ಲದೆ ಕಾಲ ಕಳೆದರೆ ಮತ್ತೆ ಸಿಮ್ಯುಲೇಟರಿನ ಬಾಡಿಗೆ ಕಟ್ಟಿ ಪರೀಕ್ಷೆಗೆ ಕೂರಬೇಕು. ಆದುದರಿಂದ ನಾವು ಅವರಿಗೆ ಹೇಳಿದ್ದು ಇಷ್ಟು: ಲೈಸೆನ್ಸಿನ ಪರೀಕ್ಷೆಗಳನ್ನು ಸೇವೆಯಲ್ಲಿರುವಾಗಲೇ ಮುಗಿಸಲಿ, ಸಂಬಳ ಬರುತ್ತಿರುವಾಗಲೇ. ಹಾರಾಟದ ಗಂಟೆಗಳ ದಾಖಲೆಯನ್ನು ಮೇಲಧಿಕಾರಿಯ ಸಹಿ ಮಾಡಿಸಿ ಇಟ್ಟುಕೊಳ್ಳಲಿ. ಹೊರಗೆ ಬಂದ ಮೇಲೆ ಸಹಿಗೆ ಅಲೆಯುವುದು ಕಷ್ಟ. ಕಂಪನಿಯ ಕೈಯಿಂದ ನೇಮಕದ ಕಾಗದ ಬರುವವರೆಗೆ ಟೈಪ್ ರೇಟಿಂಗಿಗೆ ಕೈಯಿಂದ ಕಾಸು ಬಿಚ್ಚಬಾರದು. ಕಂಪನಿಯೇ ಕಲಿಸಿ ಕೆಲವು ವರ್ಷದ ಬಾಂಡು ಬರೆಸಿಕೊಂಡರೆ, ಬಾಂಡಿನ ಮೊತ್ತವನ್ನೂ ವರ್ಷವನ್ನೂ ವಕೀಲರಿಗೆ ತೋರಿಸಿ ಸಹಿ ಹಾಕಲಿ. ತರಬೇತಿ ಮುಗಿಸಿ ಬಂದವನಿಗೇ ಮೊದಲ ಮಣೆ ಸಿಗುವ ವರ್ಷಗಳೂ ಇವೆ, ಅದನ್ನು ಮುಚ್ಚಿಡುವುದಿಲ್ಲ. ಕೈಯಲ್ಲಿ ಹಣ ಕೊಳೆಯುತ್ತಿರುವವನು ಆ ಜೂಜು ಆಡಬಹುದು. ಕಿರಾಣಿ ಅಂಗಡಿಯವನು ಆಡಲಾರ.

ಸರ್ಕಾರ ಮಾಡಬಹುದಾದ ಕೆಲಸವೂ ಇದೆ. ಸೇನೆ ಬಿಡುವವರ ಪುನರ್ವಸತಿಗೆಂದು ರಕ್ಷಣಾ ಇಲಾಖೆಯಲ್ಲಿ ಒಂದು ನಿರ್ದೇಶನಾಲಯವಿದೆ, ನಾನಾ ಬಗೆಯ ತರಬೇತಿಗಳನ್ನು ಅದು ನಡೆಸುತ್ತದೆ. ಸೇನೆಯಲ್ಲಿ ಪಳಗಿದ ಚಾಲಕನನ್ನು ಸೇರಿಸಿಕೊಳ್ಳುವ ಕಂಪನಿ ಅವನ ಮಾದರಿ ತರಬೇತಿಯ ಖರ್ಚನ್ನು ತಾನೇ ಹೊರಬೇಕೆಂದು ವಿಮಾನಯಾನ ನಿರ್ದೇಶನಾಲಯ ಒಂದು ನಿಯಮ ಮಾಡಲಿ. ಒಂದು ವರ್ಷದ ನೋಟೀಸಿನ ನಿಯಮ ಮಾಡಲು ಬಂದವರಿಗೆ ಇದು ಬಾರದೆ?

ಮಿತ್ರರು ಕುಣಿಗಲ್ ಬಸ್ಸಿನ ಹೊತ್ತಾಯಿತೆಂದು ಎದ್ದರು. ಪತ್ರವನ್ನು ಮಡಿಸಿ ಚೀಲದ ತಳಕ್ಕೆ ಹಾಕಿ, ಅದರ ಮೇಲೆ ಅಂಗಡಿಗೆಂದು ಕೊಂಡ ಸಾಮಾನಿನ ಚೀಟಿಗಳನ್ನಿಟ್ಟರು. ಅಳಿಯ ಹವಾಮಾನದ ಪರೀಕ್ಷೆಗೆ ಓದುತ್ತಿದ್ದಾನೆಂದು ನಿನ್ನೆ ಕಾಗದ ಬಂದಿದೆ.