ಸಿದ್ದಿ ಕನ್ನಡ ಮಾತಾಡಿದರೆ ಸೋಜಿಗವೇನು?



ದಾಂಡೇಲಿಗೆ ರ‍್ಯಾಫ್ಟಿಂಗಿಗೆಂದು ಬರುವ ಪಟ್ಟಣಿಗರು ಕಾಳಿ ನದಿಯ ಜೊತೆಗೆ ಮತ್ತೊಂದು 'ನೋಟ'ವನ್ನೂ ಮೊಬೈಲಿಗೆ ತುಂಬಿಕೊಂಡು ಹೋಗುತ್ತಿದ್ದಾರೆ. ಹಳಿಯಾಳದ ಕಡೆ ಸಿದ್ದಿಗಳ ಮನೆಯಂಗಳದ ಮುಂದೆ ಕಾರು ನಿಲ್ಲುತ್ತದೆ. ಆಡುವ ಮಗುವಿನ ಮುಖಕ್ಕೆ ಕ್ಯಾಮರಾ ಹಿಡಿದು 'ಕನ್ನಡದಲ್ಲಿ ಏನಾದ್ರೂ ಮಾತಾಡು' ಎನ್ನುತ್ತಾರೆ. ರಾತ್ರಿಯೊಳಗೆ ಅದು ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಏರುತ್ತದೆ. ತಲೆಬರಹ: ಕರ್ನಾಟಕದೊಳಗೊಂದು ಆಫ್ರಿಕಾ, ಎಷ್ಟು ಚೆಂದ ಕನ್ನಡ ಮಾತಾಡ್ತಾರೆ ನೋಡಿ!

ಇದರಲ್ಲಿ ಬಾಯಿ ಬಿಡುವಂಥದ್ದೇನಿದೆ ಸ್ವಾಮಿ? ಇವರ ಹಿರಿಯರಲ್ಲಿ ಬಹುಪಾಲು ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಈ ಕಾಡು ಸೇರಿ ಶತಮಾನಗಳೇ ಸಂದಿವೆ. ಮನೆಮಾತು ಕೊಂಕಣಿ, ಮರಾಠಿ, ಉರ್ದು ಏನೇ ಇರಲಿ, ಸಂತೆಗೂ ಶಾಲೆಗೂ ಕಚೇರಿಗೂ ಕನ್ನಡವೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ ಪ್ರವೇಶಿಸಿದರು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಅನ್ನ ಉಂಡೂ 'ಕನ್ನಡ ಗೊತ್ತಿಲ್ಲ' ಎನ್ನುವವರ ಮುಂದೆ ಈ ಕ್ಯಾಮರಾಗಳು ಏಳುವುದಿಲ್ಲ. ಸಿದ್ದಿ ಕೂಸಿಗೆ ಮಾತ್ರ ಕನ್ನಡದ ಪರೀಕ್ಷೆ!

ಪ್ರವಾಸಿಗರನ್ನಷ್ಟೇ ಬೈದು ಕೈ ತೊಳೆದುಕೊಳ್ಳುವಂತಿಲ್ಲ. ಅಂಥ ವಿಡಿಯೋಗಳಿಗೆ 'ಜೈ ಕನ್ನಡಾಂಬೆ' ಎಂದು ಬರೆದು ಹತ್ತು ವಾಟ್ಸಾಪ್ ಗುಂಪುಗಳಿಗೆ ದಾಟಿಸಿದವರು ನಾವೇ ಅಲ್ಲವೇ? ಆ ಹೊಗಳಿಕೆಯ ಹೊಟ್ಟೆಯಲ್ಲೇ 'ನೀನು ಹೊರಗಿನವನು' ಎಂಬ ಮಾತು ಅಡಗಿದೆ. ಅದು ನಮಗೆ ಕೇಳಿಸಲಿಲ್ಲ. ಆ ಹುಡುಗನಿಗೆ ಕೇಳಿಸಿದೆ.

ಮುಂಡಗೋಡದಲ್ಲಿ ಟಿಬೆಟಿಯನ್ ಕಾಲೊನಿ 1966ರಿಂದ ಇದೆ. ಅಲ್ಲಿ ಹುಟ್ಟಿ ಬೆಳೆದವನು ಕನ್ನಡದಲ್ಲಿ ಚೌಕಾಸಿ ಮಾಡಿದರೂ ಇದೇ ತಮಾಷೆ. ಜೋಯಿಡಾದ ಕುಣಬಿಯರಿಗೆ 'ಕಾಡುಜನ' ಎಂಬ ವೇಷ. ಆ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕು. ತಮ್ಮ ಬಗ್ಗೆ ಲೋಕವೆಲ್ಲ ನೋಡಿದ್ದನ್ನು ಅವರೇ ಕಡೆಗೆ ನೋಡಬೇಕು!

2021ರ 'ಸಲಗ' ಚಿತ್ರದಲ್ಲಿ ಸಿದ್ದಿ ಕಲಾವಿದರು ಹಾಡಿದ ಹಾಡು ಊರೂರಿನ ಮೊಬೈಲುಗಳಲ್ಲಿ ಕುಣಿಯಿತು. ಅಲ್ಲಿ ದನಿ ಅವರದು, ಕುಣಿತ ಅವರದು. ಹೀಗೆ ತಮ್ಮ ಮಾತನ್ನು ತಾವೇ ಆಡುವ, ಡಮಾಮಿ ಬಾರಿಸುತ್ತ ತಾವೇ ಚಿತ್ರೀಕರಿಸಿ ಹಾಕುವ ಸಿದ್ದಿ ಹುಡುಗ ಹುಡುಗಿಯರಿದ್ದಾರೆ. ದಾಟಿಸುವುದಿದ್ದರೆ ಅಂಥದ್ದನ್ನು ದಾಟಿಸಿ, ಅವರ ಹೆಸರು ಹಾಕಿ ದಾಟಿಸಿ.

ದಾಂಡೇಲಿ, ಜೋಯಿಡಾದ ರೆಸಾರ್ಟು, ಹೋಂಸ್ಟೇ ಮಾಲೀಕರಿಗೂ ಒಂದು ಮಾತು. ಒಪ್ಪಿಗೆ ಕೇಳದೆ ಯಾರ ಮನೆ ಮಕ್ಕಳನ್ನೂ ಚಿತ್ರೀಕರಿಸಬಾರದೆಂದು ನಿಮ್ಮ ಬಾಗಿಲಲ್ಲಿ ಬೋರ್ಡು ಹಾಕಿ. ಕನ್ನಡದಲ್ಲಿ ಹಾಕಿ. ನಮ್ಮ ಕಾರ್ಯಕರ್ತರು ಬಂದು ನೋಡುತ್ತಾರೆ.